ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಜನವರಿ 12, ಭಾನುವಾರ

ನನಗೊಂದು ಎಲೆಕ್ಟ್ರಿಕ್ ಗಿಟಾರು ಮಾಡಿಕೊಡಲು ಕೊನೆಗೂ ಬೋರಯ್ಯನವರು ಒಪ್ಪಿದರು. ಮಂಡ್ಯದ ಗುತ್ತಲು ರಸ್ತೆಯಲ್ಲಿ ಅವರ ಮರಗೆಲಸದ ಶೆಡ್ಡಿದೆ. ಸುತ್ತಮುತ್ತಲಿನ ಆರ್ಕೆಸ್ಟ್ರಾದವರಿಗೆಲ್ಲ ಸ್ಪೀಕರ್ ಪೆಟ್ಟಿಗೆ ಮಾಡಿಕೊಡುವುದು ಅವರೇ. ಗಿಟಾರ್ ಮಾತ್ರ ಇವತ್ತಿನವರೆಗೂ ಮಾಡಿಲ್ಲ. "ಬಾಗ್ಲು ಮಾಡಿವ್ನಿ, ತೊಟ್ಲು ಮಾಡಿವ್ನಿ, ಇದ್ಯಾವ ಮಹಾ? ಆದ್ರೆ ಗೆರೆ ನೀನೇ ಹಾಕ್ಕೊಡ್ಬೇಕು ಕಣವ್ವ. ನಾನು ಗೆರೆ ಮ್ಯಾಲೇ ಕುಯ್ಯೋನು" ಅಂದರು.

ಗೆರೆ ಹಾಕುವುದೇ ನನ್ನ ಹೊಟ್ಟೆಪಾಡು. ಗೆಜ್ಜಲಗೆರೆಯ ಗಾರ್ಮೆಂಟ್ಸಿನ ಪ್ಯಾಟ್ರನ್ ಸೆಕ್ಷನ್ನಿನಲ್ಲಿ ಆರು ವರ್ಷದಿಂದ ರಟ್ಟಿನ ಮೇಲೆ ತೋಳು, ಕಾಲರು, ಜೇಬು ಬರೆದು ಕತ್ತರಿಸುತ್ತಿದ್ದೇನೆ. ಆ ರಟ್ಟನ್ನು ಇಟ್ಟುಕೊಂಡು ಮುಂದಿನವರು ಬಟ್ಟೆ ಕತ್ತರಿಸುತ್ತಾರೆ. ಗಿಟಾರಿಗೂ ಅಂಥದ್ದೇ ಒಂದು ರಟ್ಟು ಮಾಡಿದರಾಯಿತು.

ಇಷ್ಟು ದಿನ ನುಡಿಸಿದ್ದು ಬಲಗೈಯವರ ಗಿಟಾರನ್ನು ತಲೆಕೆಳಗು ಮಾಡಿಕೊಂಡು. ನಾನು ಎಡಚಿ. ತಲೆಕೆಳಗಾದ ಗಿಟಾರಿನಲ್ಲಿ ಸೌಂಡಿನ ತಿರುಪು ಮೇಲೆ ಬಂದು ಕೂರುತ್ತದೆ, ಮೊಣಕೈ ತಗುಲಿ ಹಾಡಿನ ಮಧ್ಯೆ ಸದ್ದೇ ನಿಲ್ಲುತ್ತದೆ. ಹೋದ ದಸರೆಯಲ್ಲಿ ಒಂದು ಚರಣವಿಡೀ ಹೀಗೆ ಮೂಕಿಯಾಗಿ ನಿಂತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಸಾಲಿನ ಗಿಟಾರು ನಿಂತರೆ ಯಾರಿಗೆ ಗೊತ್ತಾಗಬೇಕು?

ಮಹದೇವಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವರು ನಮ್ಮ ಆರ್ಕೆಸ್ಟ್ರಾ ತಂಡದ ಮುಂದಿನ ಸಾಲಿನ ಗಿಟಾರು, ನನ್ನ ಗುರು. ಎಂಟು ವರ್ಷದ ಹಿಂದೆ ನಮ್ಮೂರು ಮಳವಳ್ಳಿಯ ಗಿಟಾರ್ ಮೇಷ್ಟ್ರೊಬ್ಬರು "ಮೊದಲು ಬಲಗೈಲಿ ಹಿಡಿಯೋದು ಕಲಿ" ಎಂದು ನನ್ನನ್ನು ವಾಪಸ್ಸು ಕಳಿಸಿದ್ದರು. ಮಹದೇವಣ್ಣ ಮಾತ್ರ ಎದುರಿಗೆ ಕೂತು "ಕನ್ನಡಿ ನೋಡ್ದಂಗೆ ನನ್ನ ನೋಡ್ಕೊಂಡು ನುಡ್ಸು ಶಾಲಿನಿ" ಅಂದರು. ಪ್ರತಿ ಭಾನುವಾರ ಹೊಳಲಿನ ಅವರ ಮನೆಯಲ್ಲಿ, ಒಂದು ಕಾಸು ತಗೊಳ್ಳದೆ.

ಮರ ಯಾವುದು ಎಂದು ಅವರನ್ನೇ ಕೇಳಿದೆ. "ತೇಗ. ಎರಡ್ನೇ ಮಾತಿಲ್ಲ" ಅಂದರು. ಬೋರಯ್ಯನವರು ಹಲಸು ಅನ್ನುತ್ತಿದ್ದರು, ವೀಣೆಗೆಲ್ಲ ಅದೇ ಅಂತೆ, ತೇಗಕ್ಕಿಂತ ಹಗುರವಂತೆ. ಆದರೂ ಮಹದೇವಣ್ಣ ಹೇಳಿದ ಮೇಲೆ ತೇಗವೇ.

ಜನವರಿ 19

ಏಳು ಚಿತ್ರ ಬರೆದು ಮಹದೇವಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. "ಕಾಮನ್", "ಇದು ನೋಡಿದೀನಿ", "ಹೂಂ, ನೋಡಣ" ಎಂದು ಉತ್ತರ ಬಂತು. ಬಣ್ಣ ಕೇಳಿದರೆ "ಹೆಣ್ ಮಕ್ಳಿಗೆ ಪಿಂಕು ಚೆನ್ನಾಗಿರ್ತದೆ" ಅಂದರು. ನನಗೆ ಪಿಂಕು ಕಂಡರೆ ಆಗದು. ಸ್ಟೇಜಿನ ಲೈಟಿಗೆ ಚೆನ್ನಾಗಿ ಕಾಣುತ್ತದೇನೋ, ಅವರಿಗೆ ಗೊತ್ತಿರುತ್ತದೆ.

ಮಧ್ಯಾಹ್ನ ಬೇಸರವಾಗಿ, ಯಾರು ಒಪ್ಪುತ್ತಾರೆ ಬಿಡುತ್ತಾರೆ ಎಂದು ಯೋಚಿಸದೆ ಎಂಟನೆಯದು ಗೀಚಿದೆ. ಗಿಟಾರಿನ ಕತ್ತಿನ ಎರಡೂ ಕಡೆ ಚಾಚುವ ಕೊಂಬುಗಳಲ್ಲಿ ಮೇಲಿನದು ಉದ್ದವಾಗಿ ಎದ್ದು ನಿಂತಿದೆ. ಹಾಗಿದ್ದರೆ ಬೆಲ್ಟು ಮುಂದಕ್ಕೆ ಸಿಕ್ಕಿ, ಕತ್ತು ನೆಲಕ್ಕೆ ಜಗ್ಗುವುದಿಲ್ಲ. ಕೆಳಗಿನದು ಮೋಟು, ಒಳಕ್ಕೆ ಸುತ್ತಿಕೊಂಡಿದೆ. ಮೇಲಿನ ಸ್ವರಕ್ಕೆ ಕೈ ಸಲೀಸಾಗಿ ಹೋಗಲಿ ಎಂದು.

ಅಪ್ಪ ಬಗ್ಗಿ ನೋಡಿ, "ಲೇ ಮರಿತಾಯಿ, ಬಾ ಇಲ್ಲಿ, ನಿನ್ ಮಗ್ಳು ನಮ್ ನಿಂಗೀನ ಬರ್ದವ್ಳೆ!" ಎಂದು ಅವ್ವನನ್ನು ಕೂಗಿದ. ನಿಂಗಿ ನನ್ನ ಸಣ್ಣ ವಯಸ್ಸಿನಲ್ಲಿ ನಮ್ಮ ಮನೆಯಲ್ಲಿದ್ದ ಎಮ್ಮೆ. ಒಂದು ಕೊಂಬು ಆಕಾಶಕ್ಕೆ, ಇನ್ನೊಂದು ಕೆನ್ನೆಗೆ ಸುತ್ತಿಕೊಂಡಿತ್ತು. ನನಗೆ ಹೊಳೆದೇ ಇರಲಿಲ್ಲ. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಚಿತ್ರಕ್ಕೆ ಆ ಹೆಸರೇ ನಿಂತಿತು.

ಜನವರಿ 26

ಫ್ಯಾಕ್ಟರಿಗೆ ರಜೆ. ನಿಂಗಿಯನ್ನು ನಿಜವಾದ ಅಳತೆಗೆ ರಟ್ಟಿನಲ್ಲಿ ಕತ್ತರಿಸಿಕೊಂಡು ಹೊಳಲಿಗೆ ಹೋದೆ. ಬಸ್ಸಿನಲ್ಲಿ ಎಲ್ಲರಿಗೂ ತಗುಲುತ್ತಿತ್ತು, ಬೈಸಿಕೊಂಡೆ.

ಮಹದೇವಣ್ಣ ಮೊದಲು ನಕ್ಕರು. "ಏನವ್ವ ಇದು, ಎಮ್ಮೆ ಇದ್ದಂಗದೆ!" ಆಮೇಲೆ ನಗು ನಿಲ್ಲಿಸಿ ರಟ್ಟನ್ನು ಎದೆಗೆ ಇಟ್ಟುಕೊಂಡು ನೋಡಿದರು, ಕನ್ನಡಿ ಮುಂದೆ ನಿಂತು ನೋಡಿದರು. "ಒಂದ್ ವಾರ ಇಲ್ಲೇ ಇರ್ಲಿ, ನೋಡಿ ಯೋಳ್ತೀನಿ" ಅಂದರು.

ಅಷ್ಟು ಹೊತ್ತು ನೋಡಿದರೆಂದರೆ ಇಷ್ಟವಾಗಿದೆ ಅಂತಲೇ. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಫೆಬ್ರವರಿ 9

ಒಂದು ವಾರ ಅಂದದ್ದು ಎರಡು ವಾರವಾಯಿತು. ಇವತ್ತು ರಟ್ಟು ವಾಪಸ್ಸು ಕೊಟ್ಟರು. "ಬ್ಯಾಡ ಕಣವ್ವ. ನೋಡಕೆ ಒಂಥರ ಅಷ್ಟೆ, ಇದ್ನ ಯಾರೂ ನುಡ್ಸಕಾಗಕಿಲ್ಲ. ಅಂಗಡೀಲಿ ಸಿಗೋ ಸಾದಾ ಶೇಪೇ ಮಾಡ್ಸು."

ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಇಪ್ಪತ್ತು ವರ್ಷ ನುಡಿಸಿದವರು ಹೇಳುತ್ತಿದ್ದಾರೆ. ನಾನು ಅಂಗಿ ಕತ್ತರಿಸುವವಳು. ಸಾದಾ ಶೇಪೇ ಆಗಲಿ.

ಫೆಬ್ರವರಿ 12

ರಟ್ಟನ್ನು ಎಸೆಯೋಣ ಎಂದು ಕೈಗೆ ತಗೊಂಡವಳಿಗೆ ಆಕಾರವೇ ಏನೋ ದಪ್ಪ ಅನ್ನಿಸಿ ಟೇಪು ಇಟ್ಟು ನೋಡಿದೆ. ನನ್ನ ಬುದ್ಧಿಗಿಷ್ಟು! ಸುತ್ತಲೂ ಅರ್ಧ ಇಂಚು ಮಾರ್ಜಿನ್ ಬಿಟ್ಟಿದ್ದೇನೆ. ಬಟ್ಟೆಯಲ್ಲಿ ಹೊಲಿಗೆಗೆಂದು ಬಿಡುವ ಅಂಚು ಅದು, ಹೊಲಿದ ಮೇಲೆ ಒಳಗೆ ಮಡಚಿಕೊಳ್ಳುತ್ತದೆ. ಮರವನ್ನು ಎಲ್ಲಿ ಮಡಚುವುದು? ಆರು ವರ್ಷದ ಕೈ, ತಾನಾಗಿ ಬಿಟ್ಟುಬಿಟ್ಟಿದೆ. ಬೋರಯ್ಯನವರು ಗೆರೆಯ ಮೇಲೇ ಕೊಯ್ದಿದ್ದರೆ ಗಿಟಾರು ಊದಿಕೊಂಡು ಕೂರುತ್ತಿತ್ತು, ಕೊಂಬಿನ ಸಂದಿಯಲ್ಲಿ ಕೈ ಹೋಗುತ್ತಿರಲಿಲ್ಲ.

ಮಹದೇವಣ್ಣ ಬೇಡ ಅಂದದ್ದು ಬಹುಶಃ ಇದಕ್ಕೇ. ಊಟದ ಬಿಡುವಿನಲ್ಲಿ ಹೊಸ ರಟ್ಟಿನಲ್ಲಿ ಸರಿಯಾಗಿ ತಿದ್ದಿದೆ. ಮಾಡಿಸಲಿಕ್ಕಲ್ಲ, ತಪ್ಪಾಗಿ ಉಳಿಯುವುದು ಬೇಡ ಅಂತ.

ಫೆಬ್ರವರಿ 27

ಮದ್ದೂರಿನಲ್ಲಿ ನಿನ್ನೆ ತಂಡದ ಶಿವರಾತ್ರಿ ಪ್ರೋಗ್ರಾಂ ಇತ್ತು. ನನಗೆ "ಚಿಕ್ ಪ್ರೋಗ್ರಾಮು, ನೀನು ರೆಸ್ಟ್ ಮಾಡು" ಎಂದು ಮಹದೇವಣ್ಣ ಹೇಳಿದ್ದರು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಕೂತು ನಮ್ಮ ಗಾಯಕಿ ದೀಪಿಕ ಸ್ಟೇಟಸ್ಸಿಗೆ ಹಾಕಿದ್ದ ವೀಡಿಯೊ ತೆರೆದೆ.

ಮಹದೇವಣ್ಣನ ಕೊರಳಲ್ಲಿ ನಿಂಗಿ. ಮೊದಲ ಕ್ಷಣ ಖುಷಿಯಾಯಿತು, ಅದನ್ನೂ ಬರೆದಿಡುತ್ತೇನೆ. ನನಗಾಗಿ ಮಾಡಿಸಿ ತೋರಿಸುತ್ತಿದ್ದಾರೆ ಅಂದುಕೊಂಡೆ. ಇದಕ್ಕಿಂತ ಪೆದ್ದಿ ಯಾರಿದ್ದಾರೆ?

ಆಮೇಲೆ ಮೈಕು ತಗೊಂಡು ಹೇಳಿದರು: "ಈ ಗಿಟಾರು ನಂದೇ ಸ್ವಂತ ಡಿಸೈನು. ಬೆಂಗಳೂರಿನಲ್ಲಿ ಮಾಡಿಸಿದ್ದು. ಇಡೀ ಕರ್ನಾಟಕದಲ್ಲಿ ಇನ್ನೊಂದಿಲ್ಲ." ಸಾವಿರ ಜನ ಶಿಳ್ಳೆ ಹೊಡೆದರು.

ಫೆಬ್ರವರಿ 28

ನಿನ್ನೆಯಿಡೀ ಅವರ ಪರವಾಗಿ ವಾದ ಮಾಡಿದೆ. ಇಬ್ಬರಿಗೂ ಒಂದೇ ಆಲೋಚನೆ ಬರಬಾರದೇ? ಅವರೂ ಎಮ್ಮೆ ನೋಡಿರಬಾರದೇ?

ಇವತ್ತು ವೀಡಿಯೊ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಸುತ್ತಲೂ ಊದಿಕೊಂಡಿದೆ. ಕೊಂಬಿನ ಸಂದಿ ಇಕ್ಕಟ್ಟು. ಹೊಲಿಗೆಯ ಮಾರ್ಜಿನ್ ಸಮೇತ ಕೊಯ್ಯಿಸಿದ್ದಾರೆ. ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಎಮ್ಮೆಯ ಕೊಂಬು ಹೊಳೆಯಬಹುದು, ಮರದ ಗಿಟಾರಿಗೆ ಅರ್ಧ ಇಂಚು ಹೊಲಿಗೆ ಬಿಡುವುದು ಗಾರ್ಮೆಂಟ್ಸಿನವಳಿಗೆ ಮಾತ್ರ.

ನನ್ನದು ಎಡಗೈಯದು, ಅವರದು ಬಲಗೈಯದು. ರಟ್ಟನ್ನು ಮಗುಚಿ ಹಾಕಿದ್ದಾರೆ, ಅಷ್ಟೇ. ಎಡತೋಳಿನ ರಟ್ಟು ಮಗುಚಿದರೆ ಬಲತೋಳು. ನಮ್ಮ ಸೆಕ್ಷನ್ನಿಗೆ ಸೇರಿದ ಮೊದಲ ದಿನ ಕಲಿಸುವ ಪಾಠ ಅದು.

ಮಾರ್ಚ್ 2

ಮಂಡ್ಯದಲ್ಲಿ ತಂಡದ ಪ್ರಾಕ್ಟೀಸು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ಬಾಯಿಂದ ಬಂದದ್ದು ಒಂದೇ: "ಅಣ್ಣ, ಅದು ನನ್ ರಟ್ಟಲ್ವಾ?"

"ನಿನ್ ರಟ್ಟೆಲ್ಲಿ ಬಂತವ್ವ? ನಿಂದು ಎಡ, ಇದು ಬಲ. ಎಡದ್ದು ಬಲ ಆದ್ಮ್ಯಾಲೆ ಬ್ಯಾರೇದೇ ಆಗೋಯ್ತಲ್ಲ!" ಡ್ರಮ್ಸಿನವನು ಕಿಸಕ್ಕೆಂದ. ಮಹದೇವಣ್ಣ ದನಿ ತಗ್ಗಿಸಿ, ಪ್ರೀತಿಯಿಂದಲೇ ಎಂಬಂತೆ ಹೇಳಿದರು: "ನಿಂಗೆ ಎಂಟ್ ವರ್ಷ ಕಲ್ಸುದ್ನಲ್ಲ, ಅದೆಲ್ಲ ನಂದು ಅಂತ ಯಾವತ್ತಾರ ಅಂದ್ನಾ?"

ನಾನು ಇಲ್ಲ ಎಂದು ತಲೆಯಾಡಿಸಿ ಹಿಂದಿನ ಸಾಲಿಗೆ ಹೋಗಿ ತಂತಿ ಬಿಗಿಮಾಡಿಕೊಂಡೆ. ಎರಡು ಗಂಟೆ ಅವರ ಬೆನ್ನು ನೋಡುತ್ತಾ ನುಡಿಸಿದೆ. ತಪ್ಪಿಲ್ಲದೆ.

ಮಾರ್ಚ್ 4

ಕಾಲರಿನ ಅಳತೆ ತಪ್ಪು ಹಾಕಿದೆ. ಸೂಪರ್‌ವೈಸರ್ ಬೈದರು. ಬೈಯಲಿ.

ಮಾರ್ಚ್ 9

ಬೋರಯ್ಯನವರ ಹತ್ತಿರ ಹೋಗಿ "ಸಾದಾ ಶೇಪೇ ಮಾಡಿ" ಅಂದೆ. ಮಾಡಿಸಬೇಕೆಂದಿದ್ದ ನಿಂಗಿಯನ್ನು ಈಗ ಮಾಡಿಸಿದರೆ ನೋಡಿದವರೆಲ್ಲ ಮಹದೇವು ಅವರದನ್ನು ಕಾಪಿ ಹೊಡೆದಳು ಅನ್ನುತ್ತಾರೆ. ಕದ್ದವರು ಮೊದಲು ಸ್ಟೇಜ್ ಹತ್ತಿದರೆ ಬರೆದವಳು ಕಳ್ಳಿ.

ಬೋರಯ್ಯನವರು ಬೀಡಿ ಹಚ್ಚಿದವರು ಸೇದಲೇ ಇಲ್ಲ. "ಸಾದಾದ್ದು ಬೇಕಿದ್ರೆ ಅಂಗಡೀಲಿ ತಗೋ ಮಗಾ. ಅದ್ಕೆ ನಾನ್ಯಾಕೆ?" ಅಂದರು.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಲೈನ್‌ಮನ್ ಆಗಿದ್ದವನು, ಕರೆಂಟು ಕಂಬದ ಮೇಲೆ ಒಂಟಿಯಾಗಿ ದುಡಿದು ಮಾತೇ ಕಮ್ಮಿಯಾದವನು. ಉಣ್ಣುತ್ತಿದ್ದ ಮುದ್ದೆ ಬಿಟ್ಟು, "ಅಂಗಾರೆ ನಿಂಗೀನ ಅವನ್ಗೇ ಬಿಟ್ಕೊಟ್ಬುಟ್ಟಾ?" ಎಂದು ಕೇಳಿದ. ಎಮ್ಮೆಯನ್ನು ನಿಜವಾಗಿಯೂ ಯಾರೋ ಹಗ್ಗ ಹಿಡಿದು ಹೊಡೆದುಕೊಂಡು ಹೋದರು ಎಂಬಂತೆ ಕೇಳಿದ.

ಮಾರ್ಚ್ 16

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಪ್ರಾಕ್ಟೀಸಿನಲ್ಲಿ ಮಹದೇವು ಅವರು ಸೋಲೋ ನುಡಿಸುವಾಗ ಮೇಲಿನ ಸ್ವರಕ್ಕೆ ಹೋಗಿ ಮೂರು ಸಲ ವಾಪಸ್ಸು ಬಂದರು. ನಾಲ್ಕನೆಯ ಸಲ ಗಿಟಾರು ಇಳಿಸಿ ಹೆಗಲು ಉಜ್ಜಿಕೊಂಡರು. "ಎಣ ಭಾರ ಕಣ್ಲಾ. ಸಂದೀಲಿ ಕೈ ಸಿಕ್ಕಾಕೊತದೆ, ಪಕ್ಕೆಗೆ ಒತ್ತತದೆ. ಬೆಂಗ್ಳೂರ್ನೋರು ಅಳ್ತೆ ತಪ್ಪವ್ರೆ, ನನ್ಮಕ್ಳು."

ಸುಮ್ಮನಿರಬಹುದಿತ್ತು. ಆದರೆ ಆ ಬೆಂಗಳೂರಿನವರು ಯಾರೋ ಏನೋ, ಕೊಟ್ಟ ಗೆರೆಗೆ ಸರಿಯಾಗಿ ಕೊಯ್ದಿದ್ದಾರೆ. ಗೆರೆ ಹಾಕುವವಳಿಗೆ ಆ ಬೈಗುಳ ಸಹಿಸಲಾಗಲಿಲ್ಲ.

"ಅವ್ರೇನೂ ತಪ್ಪಿಲ್ಲ ಕಣಣ್ಣ" ಅಂದೆ. "ಅದು ಹೊಲಿಗೆಗೆ ಬಿಟ್ಟಿರೋ ಮಾರ್ಜಿನ್ನು. ಸುತ್ತ ಅರ್ಧರ್ಧ ಇಂಚು. ಗಾರ್ಮೆಂಟ್ಸಲ್ಲಿ ಎಲ್ಲಾದ್ಕೂ ಬಿಡ್ತೀವಲ್ಲ, ಅದೇ ಅಭ್ಯಾಸಕ್ಕೆ ಗಿಟಾರ್ಗೂ ಬಿಟ್ಬುಟ್ಟಿದ್ದೆ. ಬೇಕಾದ್ರೆ ಅಳೆದು ನೋಡಿ." ಚೀಲದಲ್ಲಿ ಸದಾ ಇರುವ ಟೇಪನ್ನು ತೆಗೆದು ಅವರ ಮುಂದೆ ಇಟ್ಟೆ.

ಯಾರೂ ಟೇಪು ಮುಟ್ಟಲಿಲ್ಲ. ಡ್ರಮ್ಸಿನವನು ಈ ಸಲ ನಗಲಿಲ್ಲ. ಮಹದೇವು ಅವರು ಗಿಟಾರನ್ನು ಮತ್ತೆ ಕೊರಳಿಗೆ ಹಾಕಿಕೊಂಡು "ಮುಂದಿನ ಹಾಡು" ಅಂದರು. ಎಲ್ಲರೂ ಮುಂದಿನ ಹಾಡು ಶುರು ಮಾಡಿದರು. ಎಲ್ಲರೂ. ನಾನೂ.

ಹೊರಗೆ ಬಂದ ಮೇಲೆ ದೀಪಿಕ ಕೈ ಹಿಡಿದುಕೊಂಡಳು. "ಹೋಗ್ಲಿ ಬುಡೇ. ನಂಗೂ ಆವಾಗ್ಲೇ ಬ್ಯಾಡ ಅನ್ನಿಸ್ತು."

"ಯಾವಾಗ್ಲೇ?"

ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಷ್ಟೂ ಹೊತ್ತು ಸಿಗಲಿಲ್ಲ, ಬಾಯಿಬಿಟ್ಟಳು. ಹೊಳಲಿನ ಮನೆಯ ಜಗಲಿಯ ಮೇಲೆ ಮಹದೇವು ಅವರು ದೊಡ್ಡ ಕಾಗದ ಹಾಸಿ ನನ್ನ ರಟ್ಟಿನ ಸುತ್ತ ಪೆನ್ಸಿಲ್ ಎಳೆಯುವಾಗ, ಕಾಗದ ಜಾರದಂತೆ ಈ ಕಡೆ ತುದಿ ಒತ್ತಿ ಹಿಡಿದವಳು ಅವಳೇ. ಅದು ನಡೆದದ್ದು ಜನವರಿ ಕೊನೆಯಲ್ಲಿ. ಆಮೇಲೆ ಎಷ್ಟು ಸಲ ನನ್ನ ಜೊತೆ ಕೂತು ಊಟ ಮಾಡಿದ್ದಾಳೆ, ನನ್ನ ಡಬ್ಬಿಯ ಉಪ್ಸಾರಿಗೆ ಕೈ ಹಾಕಿದ್ದಾಳೆ. "ನಿಂಗೆ ಬೇಜಾರಾಯ್ತದೆ ಅಂತ ಯೋಳ್ಳಿಲ್ಲ ಕಣೆ" ಅಂದಳು.

ಅವರು ಕದ್ದದ್ದು ರಟ್ಟು. ಇವಳು ಏನು ಕದ್ದಳು ಅಂತ ಹೆಸರಿಡಲೂ ಬರುತ್ತಿಲ್ಲ. ಕೈ ಬಿಡಿಸಿಕೊಂಡು ಬಸ್ಸು ಹತ್ತಿದೆ.

ಮಾರ್ಚ್ 17

ತಂಡದ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದ್ದಾರೆ. ಯಾರೂ ಫೋನ್ ಮಾಡಲಿಲ್ಲ.

ಮಾರ್ಚ್ 18

ಅರ್ಧ ದಿನ ರಜೆ ಹಾಕಿ, ತಿದ್ದಿದ ರಟ್ಟನ್ನು ಬೋರಯ್ಯನವರಿಗೆ ಕೊಟ್ಟು ಬಂದೆ. ಹಲಸಿನಲ್ಲೇ ಮಾಡಿ ಅಂದೆ. ಬಣ್ಣ ಬೇಡ, ಮರ ಕಾಣಲಿ. ತಿರುಪುಗಳು ಕೆಳಗೆ, ನನ್ನ ಕಿರುಬೆರಳು ಮುಟ್ಟುವ ಕಡೆ. ಕೈಯಿಟ್ಟು ತೋರಿಸಿ ಗುರುತು ಹಾಕಿಸಿದೆ. ಹತ್ತು ನಿಮಿಷದ ಕೆಲಸ, ಬಸ್ಸು ಕಾಯುವುದೇ ಹೆಚ್ಚಾಯಿತು.

ಮಾರ್ಚ್ 23

"ಒಸಿ ಬಂದೋಗವ್ವ" ಎಂದು ಬೋರಯ್ಯನವರ ಫೋನು ಬಂತು. ಹೋದರೆ ಶೆಡ್ಡಿನ ಬೆಂಚಿನ ಮೇಲೆ ಮಹದೇವು. ಪಕ್ಕದಲ್ಲಿ ಅವರ ಗಿಟಾರು, ತಂತಿ ಬಿಚ್ಚಿ ಮಲಗಿಸಿತ್ತು.

"ಸುತ್ತ ಅರ್ಧ ಇಂಚು ತೆಗೀಬೇಕಂತೆ" ಬೋರಯ್ಯನವರು ನನ್ನ ಕಡೆ ನೋಡದೆ ಹೇಳಿದರು. "ರಟ್ಟು ಶಾಲಿನವ್ವಂದು. ಅವಳನ್ನ ಕೇಳ್ದೆ ಮುಟ್ಟಕಿಲ್ಲ ಅಂದಿವ್ನಿ." ನನ್ನ ರಟ್ಟು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಮಹದೇವು ನಕ್ಕರು. "ಏನವ್ವ, ಅರ್ಧ ಇಂಚಿಗೂ ಬಿಗುಮಾನ್ವಾ? ಏಪ್ರಿಲ್ ತುಂಬ ಪ್ರೋಗ್ರಾಮದೆ. ಮ್ಯಾಲಿನ ಸ್ವರ ಒಂದೂ ಸಿಗ್ತಿಲ್ಲ."

"ಇದು ಯಾರ್ದು ಅಂತ ಯೋಳಿ. ಕೊಡ್ತೀನಿ."

ಅವರು ರಸ್ತೆಯ ಕಡೆ ನೋಡಿದರು. ಕಬ್ಬಿನ ಲಾರಿಯೊಂದು ಹೋಯಿತು. ಅದು ಹೋಗುವವರೆಗೂ ಕಾದು, ಮೆಲ್ಲಗೆ ಹೇಳಿದರು: "ನಿಂದೇ ಕಣವ್ವ. ನಂಗೊತ್ತಿಲ್ವಾ? ನೋಡುದ್ ತಕ್ಷಣ ಗೊತ್ತಾಯ್ತು, ನನ್ನ ಕೈಲಿ ಇಂಥದ್ದು ಬರಕಿಲ್ಲ ಅಂತ."

ಒಂದು ತಿಂಗಳಿಂದ ಈ ಮಾತಿಗೆ ಕಾದಿದ್ದೆ. ಕೇಳಿದ ತಕ್ಷಣ ಎದೆ ಕರಗಿ ಹೋಯಿತು. ಕೈ ಮೊಳೆಯವರೆಗೆ ಹೋಗಿತ್ತು. ಆಮೇಲೆ ಕಂಡಿತು: ಮದ್ದೂರಿನಲ್ಲಿ ಸಾವಿರ ಜನಕ್ಕೆ ಒಂದು ಮಾತು, ಇಲ್ಲಿ ಮರದ ಹೊಟ್ಟಿನ ಮಧ್ಯೆ ಇನ್ನೊಂದು.

"ಇದ್ನೇ ಮೈಕಲ್ಲಿ ಯೋಳಿ."

"ಅದಾಗಕಿಲ್ಲ ಶಾಲಿನಿ. ನನ್ ಮರ್ವಾದೆ ಏನಾಗ್ಬೇಕು?"

"ಅಂಗಾರೆ ಆ ಅರ್ಧ ಇಂಚು ನಿಮ್ಮತ್ರಾನೇ ಇರ್ಲಿ."

ಅವರು ಗಿಟಾರನ್ನು ಚೀಲಕ್ಕೆ ತುರುಕಿ, ಬೈಕು ಹತ್ತಿ ಹೋದರು. ಬೈಕಿನ ಸದ್ದು ನಿಂತ ಮೇಲೆ ನನಗೆ ಅಳು ಬಂತು, ತಡೆಯಲಾಗದಂಥ ಕೆಟ್ಟ ಅಳು. ಬೋರಯ್ಯನವರು ಗರಗಸದ ಮಿಷನ್ನು ಹಾಕಿ, ಅದರ ಸದ್ದಿನಲ್ಲಿ ಯಾವುದೋ ಹಲಗೆ ಕೊಯ್ಯುತ್ತಾ ನಿಂತರು. ನಾನು ಮುಗಿಸುವವರೆಗೂ ಅವರ ಹಲಗೆ ಮುಗಿಯಲಿಲ್ಲ.

ಏಪ್ರಿಲ್ 6

ಗಿಟಾರು ಬಂತು. ಹೆಗಲಿಗೆ ಹಾಕಿಕೊಂಡರೆ ಇಟ್ಟ ಕಡೆ ನಿಲ್ಲುತ್ತದೆ, ಕತ್ತು ಜಗ್ಗುವುದಿಲ್ಲ. ಮೊಣಕೈಗೆ ಏನೂ ತಗುಲುವುದಿಲ್ಲ. ಹಲಸಿನ ಮರ ಬೆಲ್ಲದ ಬಣ್ಣಕ್ಕಿದೆ. ಅಪ್ಪ ಎರಡು ಸಲ ಮುಟ್ಟಿ ನೋಡಿದ.

ಇಷ್ಟು ಖುಷಿಯನ್ನು ಮೊದಲು ಯಾರಿಗೆ ತೋರಿಸಲಿ ಎಂದುಕೊಂಡಾಗ ಕಣ್ಣ ಮುಂದೆ ಬಂದದ್ದು ಅದೇ ಮುಖ. ಹಾಳಾದ್ದು. ಎಂಟು ವರ್ಷದ ಅಭ್ಯಾಸ.

ಏಪ್ರಿಲ್ 15

ನಿನ್ನೆ ಮಳವಳ್ಳಿಯಲ್ಲಿ ಅಂಬೇಡ್ಕರ್ ಜಯಂತಿಯ ಕಾರ್ಯಕ್ರಮ. ಊರಿನದೇ ಸಣ್ಣ ತಂಡ, ನಡೆಸುವವನು ಸಂತೋಷ್ ಅಂತ. ಗಿಟಾರಿನವರು ಇಲ್ಲ, ಬನ್ನಿ ಅಕ್ಕ ಎಂದು ಕರೆದಿದ್ದ. ಹಿಂದಿನ ಸಾಲು ಅಂತ ಇರಲೇ ಇಲ್ಲ, ಇರುವುದೇ ಐದು ಜನ. ಅಪ್ಪ, ಅವ್ವ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು.

ಸಂತೋಷ್ ಎಲ್ಲರ ಹೆಸರು ಹೇಳುತ್ತಾ ನನ್ನ ಹತ್ತಿರ ಬಂದು, ಒಳ್ಳೆಯದಾಗಲಿ ಅಂತಲೇ, "ಹೊಳಲು ಮಹದೇವು ಅವರ ಡಿಸೈನಿನ ಗಿಟಾರಲ್ಲಿ, ನಮ್ಮ ಮಳವಳ್ಳಿಯ ಶಾಲಿನಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅಪ್ಪ ತಟ್ಟಲಿಲ್ಲ.

ನಾನು ಅವನ ಕೈಯಿಂದ ಮೈಕು ತಗೊಂಡೆ. "ಇದು ಮಹದೇವು ಅವರದ್ದಲ್ಲ. ಇದನ್ನು ಬರೆದವಳು ನಾನು, ಮರಿಯಯ್ಯನ ಮಗಳು ಶಾಲಿನಿ. ಕೊಯ್ದವರು ಮಂಡ್ಯದ ಬೋರಯ್ಯನವರು. ಮಹದೇವು ಅವರ ಹತ್ತಿರ ಇರೋದು ಇದರ ಕಾಪಿ." ಯಾಕೆ ಹೇಳುತ್ತಿದ್ದಾಳೆ ಎಂದು ಯಾರಿಗೂ ತಿಳಿದಂತೆ ಕಾಣಲಿಲ್ಲ. ಸಂತೋಷ್ ಗಾಬರಿಯಾಗಿ ಹಾಡು ಶುರು ಮಾಡಿಸಿದ.

ಸೋಲೋ ಬಂತು. ಮೇಲಿನ ಸ್ವರಕ್ಕೆ ಕೈ ನೇರ ಹೋಯಿತು. ನುಡಿಸಿದ್ದೆಲ್ಲ ಹೊಳಲಿನ ಮನೆಯಲ್ಲಿ ಎದುರಿಗೆ ಕೂತು ಕಲಿತದ್ದೇ, ಬೆರಳು ಬೆರಳೂ ಅದೇ. ಇಳಿದು ಬಂದ ಮೇಲೆ ಹೆಂಗಸೊಬ್ಬರು ನನ್ನ ಕೈ ಹಿಡಿದು ಕೇಳಿದರು: "ಎಷ್ಟ್ ಚೆನ್ನಾಗ್ ನುಡುಸ್ತೀಯವ್ವ! ಯಾರ್ ಕಲ್ಸುದ್ರು?"

"ಯಾರೂ ಇಲ್ಲಮ್ಮ, ನಾನೇ ಕಲ್ತೆ" ಅಂದೆ.